40 ಮೀಟರ್ ಬ್ಯಾಂಡಿಗೆ ಯಾವ ತಂತಿ? ತೆಂಗಿನ ತೋಟದಲ್ಲಿ ಡೈಪೋಲ್ ಮತ್ತು ಎಂಡ್‌ಫೆಡ್

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದವರು ಮೊದಲು ಕೇಳುವುದು ಯಾವ ರೇಡಿಯೋ ಕೊಳ್ಳಲಿ ಎಂದು. ನನ್ನ ಪ್ರಕಾರ ಅದಕ್ಕಿಂತ ಆಂಟೆನಾ ಮುಖ್ಯ. ತಿಪಟೂರು ಕಡೆಯ ನಮ್ಮ ತೋಟದ ಮನೆಯಲ್ಲಿ ಎರಡು ಆಂಟೆನಾ ಕಟ್ಟಿ, ಒಂದೇ ರೇಡಿಯೋಗೆ ಸ್ವಿಚ್ ಮೂಲಕ ಜೋಡಿಸಿ ನೋಡಿದ್ದೇನೆ. ಒಂದು ಇನ್ವರ್ಟೆಡ್ ವಿ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರಿಸಿ ನಡುಭಾಗ ಮೇಲೇರಿಸಿ, ಎರಡು ತುದಿ ಕೆಳಗೆ ಇಳಿಬಿಟ್ಟ ತಂತಿ. ಇನ್ನೊಂದು ಎಂಡ್‌ಫೆಡ್ ಹಾಫ್‌ವೇವ್, ಅಂದರೆ ಒಂದು ತುದಿಗೆ ಕೇಬಲ್ ಸೇರಿಸುವ ಅರ್ಧ ತರಂಗದುದ್ದದ ತಂತಿ. 40 ಮೀಟರ್ ಬ್ಯಾಂಡ್ ಅಂದರೆ ತರಂಗದ ಉದ್ದ ಸುಮಾರು 40 ಮೀಟರ್ ಇರುವ, 7 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡ್; ಹಾಗಾಗಿ ಎರಡಕ್ಕೂ ಬೇಕಾಗುವ ತಂತಿ ಸುಮಾರು 20 ಮೀಟರ್.

ಡೈಪೋಲ್ ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ 20.1 ಮೀಟರ್ ಬರುತ್ತದೆ, ಅಂದರೆ ಆ ಕಡೆ 10, ಈ ಕಡೆ 10. ಸ್ವಲ್ಪ ಉದ್ದ ಬಿಟ್ಟುಕೊಂಡು, ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ನೋಡುತ್ತಾ ಕತ್ತರಿಸಿ. ಕಾಯಿ ಕೀಳಲು ಬಂದವರ ಕೈಲಿ ಮರದ ಮೇಲೆ ಒಂದು ರಾಟೆ ಕಟ್ಟಿಸಿಬಿಡಿ. ಆಮೇಲೆ ನೆಲದಲ್ಲೇ ನಿಂತು ಏರಿಸಿ ಇಳಿಸಬಹುದು. ತೆಂಗಿನ ಮರ ಗಾಳಿಗೆ ಚೆನ್ನಾಗಿ ತೂಗುತ್ತದೆ. ಹಾಗಾಗಿ ತುದಿಯ ಹಗ್ಗಗಳನ್ನು ಬಿಗಿಯದೆ ಕಲ್ಲು ಇಳಿಬಿಡುವುದು ಒಳ್ಳೆಯದು. ಗರಿ ತಾಗದ ಹಾಗೆ ನೋಡಿಕೊಳ್ಳಿ. ಮಳೆಯಲ್ಲಿ ನೆನೆದ ಗರಿ ತಂತಿಗೆ ತಾಗಿದರೆ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಕೆಡುತ್ತದೆ. ಇದರ ದೊಡ್ಡ ತಾಪತ್ರಯ ಕೇಬಲ್. ಅದು ಮರದ ತನಕ ಹೋಗಬೇಕು. ಉಳುಮೆ ಮಾಡುವ ತೋಟದಲ್ಲಿ ಪೈಪಿನೊಳಗೆ ಹಾಕಿ ಹೂಳದೆ ಬೇರೆ ದಾರಿ ಇಲ್ಲ.

ಎಂಡ್‌ಫೆಡ್‌ನಲ್ಲಿ ಆ ಕಷ್ಟವೇ ಇಲ್ಲ. ತಂತಿಯ ಒಂದು ತುದಿ ತಾರಸಿಯಲ್ಲಿ, ಇನ್ನೊಂದು ಮರದಲ್ಲಿ. ಕೇಬಲ್ ನೇರ ಕಿಟಕಿಯೊಳಗೆ ಬರುತ್ತದೆ. ತುದಿಯಲ್ಲಿ ಇಂಪೀಡೆನ್ಸ್ (ರೇಡಿಯೋ ಪ್ರವಾಹಕ್ಕೆ ಒಡ್ಡುವ ತಡೆ) ಎರಡು ಸಾವಿರ ಓಮ್ ದಾಟುವುದರಿಂದ, ಅದನ್ನು ಕೇಬಲಿಗೆ ಹೊಂದಿಸಲು 49:1 ಟ್ರಾನ್ಸ್‌ಫಾರ್ಮರ್ ಬೇಕು. ಎಫ್‌ಟಿ240-43 ಟೊರಾಯ್ಡ್ (ಫೆರೈಟ್ ಉಂಗುರ) ಮೇಲೆ ಕೇಬಲ್ ಕಡೆಗೆ 2 ಸುತ್ತು, ತಂತಿ ಕಡೆಗೆ 14 ಸುತ್ತು. ಇಷ್ಟು ಮಾಡಿದರೆ 40, 20, 15, 10 ಮೀಟರ್ ನಾಲ್ಕೂ ಬ್ಯಾಂಡ್ ಒಂದೇ ತಂತಿಯಲ್ಲಿ ಸಿಗುತ್ತವೆ. ಡೈಪೋಲ್ 15ರಲ್ಲಿ ಹೇಗೋ ನಡೆಯುತ್ತದೆ, 20ರಲ್ಲಿ ಸುತರಾಂ ಒಪ್ಪುವುದಿಲ್ಲ.

ಹಾಗಾದರೆ ಎಂಡ್‌ಫೆಡ್ ಗೆದ್ದ ಹಾಗೆ, ಅಲ್ವಾ? ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್ ಕೂಡ ಹಾಗೇ ಹೇಳುತ್ತದೆ. ಎಂಡ್‌ಫೆಡ್‌ಗೆ ಸ್ವಿಚ್ ತಿರುಗಿಸಿದ ಕೂಡಲೇ ಮುಳ್ಳು ಮೇಲೇಳುತ್ತದೆ. ಆದರೆ ಸ್ಟೇಷನ್ ಜೊತೆ ಗದ್ದಲವೂ ಏರಿರುತ್ತದೆ, ಹಲವು ಸಲ ಗದ್ದಲವೇ ಜಾಸ್ತಿ. ಸುಮ್ನೆ ಮುಳ್ಳು ನೋಡಿ ತೀರ್ಮಾನಿಸಬೇಡಿ. 7.074 ಮೆಗಾಹರ್ಟ್ಸ್‌ನಲ್ಲಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಕೇಳಿ. ಅದನ್ನು ಓದುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶ ಪ್ರತಿ ಸ್ಟೇಷನ್ ಮುಂದೆ ತೋರಿಸುವ ಡೆಸಿಬೆಲ್ ಅಂಕಿ ಸಿಗ್ನಲ್ಲಿಗೂ ಗದ್ದಲಕ್ಕೂ ಇರುವ ಅಂತರ. ನಮಗೆ ಬೇಕಾದದ್ದು ಅದೇ. ಅಲ್ಲಿ ಒಂದೊಂದು ಸರದಿ 15 ಸೆಕೆಂಡು, ಒಂದು ಸ್ಟೇಷನ್ ಸಾಮಾನ್ಯವಾಗಿ ಸರದಿ ಬಿಟ್ಟು ಸರದಿ ಕಳಿಸುತ್ತದೆ. ಹಾಗಾಗಿ 30 ಸೆಕೆಂಡಿಗೊಮ್ಮೆ ಆಂಟೆನಾ ಬದಲಿಸಿ. ಸಿಗ್ನಲ್ ತಾನಾಗಿಯೇ ಏರಿಳಿಯುವುದರಿಂದ ಒಂದೆರಡು ಅಂಕಿ ನಂಬುವಂತಿಲ್ಲ, ತುಂಬಾ ಹೊತ್ತು ನೋಡಬೇಕು. ನಿನ್ನೆ ಒಂದು, ಇವತ್ತು ಇನ್ನೊಂದು ಎಂದು ಹೋಲಿಸಿದರೆ ನೀವು ಅಳೆಯುವುದು ಆಂಟೆನಾವನ್ನಲ್ಲ, ಅಯಾನುಗೋಳವನ್ನು (ರೇಡಿಯೋ ತರಂಗವನ್ನು ಭೂಮಿಗೆ ಹಿಂದಿರುಗಿಸುವ ಆಕಾಶದ ಪದರ).

ಹೀಗೆ ನೋಡಿದಾಗ 40 ಮೀಟರಿನಲ್ಲಿ ಡೈಪೋಲ್ ಸ್ಪಷ್ಟವಾಗಿ ಮುಂದಿತ್ತು. ಕರೆಂಟ್ ಹೋದಾಗ ಯುಪಿಎಸ್ ಕೂಡ ಆರಿಸಿ, 12 ವೋಲ್ಟ್ ಬ್ಯಾಟರಿಯಲ್ಲಿ ಕೇಳಿದರೆ ಆ ಅಂತರ ಹೆಚ್ಚು ಕಡಿಮೆ ಮಾಯ! ಕಾರಣ ಇಷ್ಟೇ. ಎಂಡ್‌ಫೆಡ್‌ಗೆ ಕೇಬಲಿನ ಹೊರಕವಚವೇ ಆಂಟೆನಾದ ಉಳಿದ ಭಾಗವಾಗಿಬಿಡುತ್ತದೆ. ಅದು ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲವನ್ನೆಲ್ಲ ಹೀರುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಸುಮಾರು 2 ಮೀಟರ್ ಆಚೆ ಕೇಬಲನ್ನು ಇನ್ನೊಂದು ಫೆರೈಟ್ ಉಂಗುರಕ್ಕೆ ಸುತ್ತಿ ಚೋಕ್ (ಹೊರಕವಚದ ಪ್ರವಾಹ ತಡೆಯುವ ಸುರುಳಿ) ಮಾಡಿದ ಮೇಲೆ ಗದ್ದಲ ಬಹಳ ಇಳಿಯಿತು. ಮಾತಾಡುವಾಗ ಮೈಕ್ ತುಟಿಗೆ ಚುರುಕ್ ಎನ್ನುತ್ತಿದ್ದುದೂ ನಿಂತಿತು. ಆದರೂ ಡೈಪೋಲ್‌ನಷ್ಟು ಶಾಂತ ಆಗಲಿಲ್ಲ.

ಬೆಳಗಿನ ನೆಟ್‌ಗೆ (ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ರೇಡಿಯೋದಲ್ಲಿ ಸೇರುವ ಕೂಟ) ಡೈಪೋಲ್ ಹೇಳಿ ಮಾಡಿಸಿದ್ದು. 10 ಮೀಟರ್ ಎತ್ತರ ಈ ಬ್ಯಾಂಡಿಗೆ ಕಾಲು ತರಂಗ ಮಾತ್ರ. ಅಷ್ಟರಲ್ಲಿ ಸಿಗ್ನಲ್ ಹೆಚ್ಚಾಗಿ ನೆತ್ತಿಯ ಮೇಲಕ್ಕೇ ಹೋಗಿ, ಅಲ್ಲಿಂದ ಮಂಗಳೂರು, ಹುಬ್ಬಳ್ಳಿ, ಚೆನ್ನೈಯಂಥ ಕಡೆಗೆ ಇಳಿಯುತ್ತದೆ. ಸಂಜೆ 20 ಮೀಟರಿನಲ್ಲಿ ಯುರೋಪ್ ಕೇಳಬೇಕೆಂದರೆ ನನಗೆ ಎಂಡ್‌ಫೆಡ್ಡೇ ಗತಿ.

ತೋಟ ಇದ್ದವರು ಡೈಪೋಲಿನಿಂದಲೇ ಶುರು ಮಾಡಿ. ತುಮಕೂರು ಪೇಟೆಯಲ್ಲಿ 30-40 ಸೈಟಿನ ಮನೆ ಇದ್ದವರಿಗೆ ಎರಡೂ ಕಡೆ ತಂತಿ ಎಳೆಯಲು ಜಾಗ ಸಾಲದು. ಅವರು ಎಂಡ್‌ಫೆಡ್ ಹಾಕಲಿ, ಚೋಕ್‌ಗೆ ಬೇಕಾದ ಎರಡನೇ ಉಂಗುರವನ್ನು ಮೊದಲ ಆರ್ಡರಿನಲ್ಲೇ ತರಿಸಿಕೊಳ್ಳಲಿ.