ಹಳೆಯ ವ್ಯಾಕ್ಯೂಮ್ ಕ್ಲೀನರ್‌ನ ವಯಸ್ಸು: ಆಕಾರವೋ, ಪ್ಲಗ್ಗೋ, ಮನೆಯವರ ಮಾತೋ, ಲೋಹದ ಪಟ್ಟಿಯೋ?

ಕೊಪ್ಪ, ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳ ಅಟ್ಟದಿಂದ ಇಳಿದು ಶಿವಮೊಗ್ಗದ ಗುಜರಿ ಅಂಗಡಿ ಸೇರುವ ವ್ಯಾಕ್ಯೂಮ್ ಕ್ಲೀನರ್‌ಗಳಿಗೆಲ್ಲ ಮಾರುವವರು ಹೇಳುವ ವಯಸ್ಸು ಒಂದೇ: ‘ಬ್ರಿಟಿಷರ ಕಾಲದ್ದು’. ಅದು ನಿಜವೇ ಎಂದು ತಿಳಿಯಲು ನಾಲ್ಕು ದಾರಿಗಳನ್ನು ಹಿಡಿದು ನೋಡಿದ್ದೇನೆ. ನನ್ನ ಮತ ಯಂತ್ರದ ತಳದಲ್ಲಿ ಹೆಸರು, ಸಂಖ್ಯೆಗಳಿರುವ ಲೋಹದ ಪಟ್ಟಿಗೆ.

ಸವಕಲು ನೋಡಿ ವಯಸ್ಸು ಹೇಳುವುದನ್ನು ಮಲೆನಾಡಿನಲ್ಲಂತೂ ಬಿಟ್ಟೇಬಿಡಬೇಕು. ಕೆಲವು ಮಳೆಗಾಲ ಅಟ್ಟದಲ್ಲಿ ಕಳೆದರೆ ಸಾಕು, ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಮನೆಮನೆಗೆ ಹೋಗಿ ಮಾರಿದ ಯೂರೋಕ್ಲೀನ್ ಕೂಡ ಇಲ್ಲಿ ಮುತ್ತಜ್ಜನ ಸ್ವತ್ತಿನಂತೆ ಕಾಣುತ್ತದೆ.

ಆಕಾರ ಇದಕ್ಕಿಂತ ಮೇಲು. ನೆಲದ ಮೇಲೆ ಜಾರುವ ಪಟ್ಟಿಗಳಿದ್ದ ಎಲೆಕ್ಟ್ರೋಲಕ್ಸ್‌ನ ‘ಮಾಡೆಲ್ ವಿ’ 1921ರದ್ದು. ಹೆನ್ರಿ ಡ್ರೇಫಸ್ ವಿನ್ಯಾಸದ, ಬೇಕಲೈಟ್ (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್) ಮುಚ್ಚಳದ ಹೂವರ್ ಕಂಪನಿಯ ‘150’ ಬಂದದ್ದು 1936ರಲ್ಲಿ. ಮರುವರ್ಷವೇ ಲುರೆಲ್ ಗಿಲ್ಡ್ ರೂಪಿಸಿದ ನುಣುಪು ಮೈಯ ಎಲೆಕ್ಟ್ರೋಲಕ್ಸ್ ಬಂತು. ಆದರೆ ಒಂದು ಆಕಾರ ಗೆದ್ದಿತೆಂದರೆ ಕಂಪನಿ ಅದನ್ನೇ ವರ್ಷಗಟ್ಟಲೆ ಮಾಡುತ್ತದೆ. 1950ರ ದಶಕದ ಚೆಂಡಿನಾಕಾರದ ಹೂವರ್ ಕಾನ್ಸ್ಟೆಲೇಶನ್ ಈ ಶತಮಾನದಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತ್ತು! ಯಂತ್ರ ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಆಕಾರ ಹೇಳಬಲ್ಲದು.

ಪ್ಲಗ್ಗಿನ ಮಾತು ಬೇಗ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಚೌಕ ಪಿನ್ನಿನ ಪ್ಲಗ್ ಬಂದದ್ದು 1947ರಲ್ಲಿ, ಹಾಗಾಗಿ ಅಲ್ಲಿ ದುಂಡು ಪಿನ್ ಹಳೆಯ ಕಾಲದ ಗುರುತು. ನಮ್ಮ ಗೋಡೆಗಳಲ್ಲಿ ಇಂದಿಗೂ ದುಂಡು ಪಿನ್ನೇ ಇರುವುದರಿಂದ ಆ ಲೆಕ್ಕ ಇಲ್ಲಿ ನಡೆಯದು. ಬಟ್ಟೆ ಸುತ್ತಿದ ಮೂಲ ವೈರ್ ಉಳಿದಿದ್ದರೆ ಅದಕ್ಕೆ ಬೆಲೆಯಿದೆ. ಆದರೆ ದಯವಿಟ್ಟು ಅದನ್ನು ಸಾಕೆಟ್ಟಿಗೆ ಹಾಕಬೇಡಿ: ಒಳಗಿನ ರಬ್ಬರ್ ಪುಡಿಯಾಗಿ ತಾಮ್ರದ ತಂತಿ ಬಯಲಾಗಿರಬಹುದು.

ಮನೆಯವರ ನೆನಪನ್ನು ನಾನು ತಳ್ಳಿಹಾಕುವುದಿಲ್ಲ, ಕೇಳುವ ಪ್ರಶ್ನೆ ಸರಿಯಿರಬೇಕು ಅಷ್ಟೇ. ‘ಯಾವಾಗ ಕೊಂಡಿರಿ ಅಮ್ಮಾ?’ ಎಂದರೆ ಉತ್ತರ ಜಾರುತ್ತದೆ. ‘ಇದು ಬಂದಾಗ ಮನೆಗೆ ಕರೆಂಟ್ ಬಂದಿತ್ತೇ?’ ಎಂದರೆ ಥಟ್ಟನೆ ಸಿಗುತ್ತದೆ. ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1948ರಲ್ಲಿ. ಒಳನಾಡಿನ ಎಷ್ಟೋ ಮನೆಗಳಿಗೆ ತಂತಿ ಬಂದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ರಸೀದಿ ಸಿಕ್ಕರಂತೂ ಹಬ್ಬ. ಬೆಲೆ ಆಣೆಯಲ್ಲಿದ್ದರೆ ಬಹುತೇಕ 1957ರ ಏಪ್ರಿಲ್‌ಗೆ ಮುಂಚಿನದು, ನಯೇಪೈಸೆಯಲ್ಲಿದ್ದರೆ ನಂತರದ್ದು. ಆದರೆ ಇವೆಲ್ಲ ಯಂತ್ರ ಮನೆಗೆ ಬಂದ ಕಾಲ, ಹುಟ್ಟಿದ ಕಾಲವಲ್ಲ.

ಹುಟ್ಟಿದ ಕಾಲ ಬೇಕೆಂದರೆ ಯಂತ್ರವನ್ನು ಮಗುಚಿ ಪಟ್ಟಿ ಓದಬೇಕು. ಅಮೆರಿಕದ ಪೇಟೆಂಟ್ ಸಂಖ್ಯೆಗಳಿದ್ದರೆ ಅವುಗಳಲ್ಲಿ ಅತಿ ದೊಡ್ಡದನ್ನು ಹಿಡಿಯಿರಿ. ಹತ್ತು ಲಕ್ಷದ ಸಂಖ್ಯೆ 1911ರಲ್ಲಿ, ಇಪ್ಪತ್ತು ಲಕ್ಷದ್ದು 1935ರಲ್ಲಿ, ಮೂವತ್ತು ಲಕ್ಷದ್ದು 1961ರಲ್ಲಿ ಬಂತು. ಆ ದೊಡ್ಡ ಸಂಖ್ಯೆಯ ವರ್ಷಕ್ಕಿಂತ ಯಂತ್ರ ಹಳೆಯದಾಗಿರಲು ಸಾಧ್ಯವೇ ಇಲ್ಲ. ಊರಿನ ಹೆಸರೂ ಸಾಕ್ಷಿಯೇ. ಕೊಪ್ಪದ ಬಂಗಲೆಯೊಂದರ ಹೂವರ್ 1920ರ ದಶಕದ್ದು, ದೊರೆ ತಂದದ್ದು ಎಂದು ಮನೆಯವರು ನಂಬಿದ್ದರು. ಪಟ್ಟಿಯಲ್ಲಿ ಪೆರಿವೇಲ್ ಎಂದಿತ್ತು. ಲಂಡನ್ನಿನ ಪಶ್ಚಿಮಕ್ಕಿರುವ ಆ ಊರಿನಲ್ಲಿ ಹೂವರ್ ಕಾರ್ಖಾನೆ ಶುರುವಾದದ್ದೇ 1930ರ ದಶಕದಲ್ಲಿ. ದೊರೆಯ ಕಥೆ ನಿಜವಿರಬಹುದು, ದಶಕ ಮಾತ್ರ ತಪ್ಪು.

ಪಟ್ಟಿಯನ್ನು ಮರಳು ಕಾಗದದಿಂದ ಉಜ್ಜಬೇಡಿ, ಅಕ್ಷರವೇ ಹೋಗುತ್ತದೆ. ಒಣ ಬ್ರಷ್ಷಿನಿಂದ ಧೂಳು ತೆಗೆದು, ಕತ್ತಲೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಅಂಕಿಗಳೂ ನೆರಳಿನಲ್ಲಿ ಎದ್ದು ಬರುತ್ತವೆ.