ಹುಬ್ಬಳ್ಳಿಯ ಟಿಬೇಟಿಯನ್ ಸ್ವೆಟರ್ ಅಂಗಡಿಗಳು: ಸರಕು, ದರ ಮತ್ತು ಅವುಗಳ ಹಿಂದಿನ ಕಾನೂನು

ಚಳಿಗಾಲದ ಎರಡು ಮೂರು ತಿಂಗಳ ಮಟ್ಟಿಗೆ ಹುಬ್ಬಳ್ಳಿಯಲ್ಲಿ ಸಾಲುಹಿಡಿದು ನಿಲ್ಲುವ ಟಿಬೇಟಿಯನ್ ಸ್ವೆಟರ್ ಅಂಗಡಿಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಸ್ವೆಟರು, ಕುಲಾವಿ, ಮಫ್ಲರು ಮತ್ತು ಹಿರಿಯರು ಅಂಗಿಯ ಮೇಲೆ ತೊಡುವ ತೋಳಿಲ್ಲದ ಸ್ವೆಟರುಗಳನ್ನು ಇಲ್ಲಿ ನಿಶ್ಚಿಂತೆಯಿಂದ ಕೊಳ್ಳಬಹುದು. ಜಿಪ್ ಇರುವ ದಪ್ಪ ಜಾಕೆಟ್ಟುಗಳನ್ನು ಮಾತ್ರ ತೊಟ್ಟು, ಎಳೆದು, ಒಳಹೊಲಿಗೆಯನ್ನು ತಿರುವಿ ನೋಡಿಯೇ ಕೊಳ್ಳಬೇಕು. ದರ ನ್ಯಾಯವಾಗಿದೆ, ಮಾತು ಸೌಜನ್ಯದ್ದು, ರಸೀದಿಯ ವಿಷಯದಲ್ಲಿ ಮಾತ್ರ ನನ್ನ ತಕರಾರು ಇದೆ.

ಇಲ್ಲಿ ಸಿಗುವುದು ಟಿಬೇಟಿಯನ್ನರು ಕೈಯಲ್ಲಿ ಹೆಣೆದ ಶುದ್ಧ ಉಣ್ಣೆಯ ಬಟ್ಟೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಕಾಲರಿನ ಒಳಗಿನ ಚೀಟಿಯನ್ನು ಓದಿದರೆ ಹೆಚ್ಚಿನವು ಅಕ್ರಿಲಿಕ್ ಅಥವಾ ಅಕ್ರಿಲಿಕ್ ಬೆರೆತ ನೂಲಿನವು ಎಂಬುದು ತಿಳಿಯುತ್ತದೆ. ಮಾರುವವರು ಇದನ್ನು ಮುಚ್ಚಿಡುವುದಿಲ್ಲ ಎಂಬುದು ಅವರ ಹೆಚ್ಚುಗಾರಿಕೆ. ನಾನು ಸ್ವೆಟರ್ ಕೊಂಡ ಅಂಗಡಿಯಲ್ಲಿ ಐವತ್ತು ದಾಟಿದ ಹೆಣ್ಣುಮಗಳೊಬ್ಬರು, ನಾನು ಕೇಳುವ ಮೊದಲೇ, “ಇದು ಮಷೀನಿಂದರಿ ಸರ್, ಲುಧಿಯಾನಾದ್ದು. ನಾವ್ ಹೆಣೆಯೂದಿಲ್ರಿ” ಎಂದು ಹುಬ್ಬಳ್ಳಿಯ ಕನ್ನಡದಲ್ಲೇ ಹೇಳಿದರು. ದೇಶದುದ್ದಕ್ಕೂ ಟಿಬೇಟಿಯನ್ ವ್ಯಾಪಾರಸ್ಥರ ಮಾಲು ಬಹುಪಾಲು ಲುಧಿಯಾನಾದ ಕಾರಖಾನೆಗಳದ್ದೇ. ಸೀಸನ್ನಿನ ಆರಂಭದಲ್ಲಿ ಅಲ್ಲಿಯ ಸಗಟು ವ್ಯಾಪಾರಿಗಳಿಂದ ಉದ್ರಿ ತಂದು, ಮಾರಾಟ ಮುಗಿದ ಮೇಲೆ ಲೆಕ್ಕ ತೀರಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಅಕ್ರಿಲಿಕ್ ಎಂದು ಮೂಗು ಮುರಿಯಬೇಕಾಗಿಲ್ಲ. ಮನೆಯಲ್ಲಿ ತೊಳೆಯಲು ಬರುತ್ತದೆ, ನುಸಿ ಹಿಡಿಯುವುದಿಲ್ಲ, ಮತ್ತು ಹುಬ್ಬಳ್ಳಿಯ ಚಳಿಗೆ, ಅದನ್ನು ಧಾರವಾಡದವರಾದ ನಾವು ಚಳಿಯೆಂದು ಒಪ್ಪದಿದ್ದರೂ, ಅಷ್ಟು ಸಾಕು.

ದರದಲ್ಲಿ ಚೌಕಾಶಿ ನಡೆಯುವುದಿಲ್ಲ. ಚೀಟಿಯ ಮೇಲೆ ಬರೆದದ್ದೇ ದರ. ಎರಡು ಕೊಂಡರೂ ಅದೇ, ಐದು ಕೊಂಡರೂ ಅದೇ. ಇದನ್ನು ಸೊಕ್ಕು ಎಂದುಕೊಳ್ಳುವ ಗಿರಾಕಿಗಳನ್ನು ನಾನು ನೋಡಿದ್ದೇನೆ. ಉದ್ರಿ ಮಾಲಿನ ಸಾಲ, ಮೂರು ತಿಂಗಳ ಜಾಗದ ಬಾಡಿಗೆ ಮತ್ತು ಊರು ಬಿಟ್ಟು ಇರುವ ಖರ್ಚು ಇವೆಲ್ಲ ಅದೇ ಚೀಟಿಯೊಳಗೆ ಬರಬೇಕಾದಾಗ ದರ ಇಳಿಸುವುದಕ್ಕೆ ಹೆಚ್ಚು ಅವಕಾಶವಿರುವುದಿಲ್ಲ. ಆದರೂ ಅದೇ ಗುಣದ ಬಟ್ಟೆ ಪೇಟೆಯ ಕಾಯಂ ಅಂಗಡಿಗಳಲ್ಲಿ ಇದಕ್ಕಿಂತ ತುಟ್ಟಿಯೇ ಇದೆ.

ಈ ವ್ಯಾಪಾರ ಏಕೆ ಕಾಯಂ ಅಂಗಡಿಯಾಗದೆ ಚಳಿಗಾಲದ ಡೇರೆಯಾಗಿಯೇ ಉಳಿದಿದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದ ಐವತ್ತು ಕಿಲೋಮೀಟರಿನೊಳಗಿರುವ ಮುಂಡಗೋಡದಲ್ಲಿದೆ. ಈ ವ್ಯಾಪಾರಿಗಳು ಬರುವ ಅಲ್ಲಿಯ ಟಿಬೇಟಿಯನ್ ನಿರಾಶ್ರಿತರ ಕ್ಯಾಂಪ್ ಆರಂಭವಾದದ್ದು 1966ರಲ್ಲಿ, ಅಂದರೆ ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ. ಬೈಲಕುಪ್ಪೆಯ ಮೊದಲ ಕ್ಯಾಂಪಿನಂತೆ ಇಲ್ಲಿಯೂ ಕುಟುಂಬಗಳಿಗೆ ಸಾಗುವಳಿಗೆ ಜಮೀನು ಸಿಕ್ಕಿತು, ಆದರೆ ಮಾಲೀಕತ್ವ ಸಿಗಲಿಲ್ಲ. ಗೋವಿನಜೋಳ ಮತ್ತು ಭತ್ತ ಮಳೆಯನ್ನು ನಂಬಿದ ಬೆಳೆಗಳು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ, ಮತ್ತು ಮಕ್ಕಳು ಮೊಮ್ಮಕ್ಕಳಾದರೂ ಜಮೀನು ಅಷ್ಟೇ ಇದೆ. ಕೇಂದ್ರ ಸರ್ಕಾರದ 2014ರ ಟಿಬೇಟಿಯನ್ ಪುನರ್ವಸತಿ ನೀತಿಯು ಈ ಜಮೀನುಗಳಿಗೆ 20 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಡಬೇಕೆಂದೂ, ವ್ಯಾಪಾರಕ್ಕೆ ಬೇಕಾದ ಪರವಾನಗಿಗಳನ್ನು ಕೊಡಬಹುದೆಂದೂ ರಾಜ್ಯಗಳಿಗೆ ಸೂಚಿಸಿತು. ಆದರೆ ಅದು ನೀತಿಯೇ ಹೊರತು ಕಾಯ್ದೆಯಲ್ಲ. ಪರವಾನಗಿ ಕೊಡುವ ಕೈ ಸ್ಥಳೀಯ ಕಚೇರಿಯದು, ಮತ್ತು ನೀತಿಯನ್ನು ಮುಂದಿಟ್ಟುಕೊಂಡು ಹಕ್ಕೆಂದು ವಾದಿಸುವುದು ಎಷ್ಟು ಕಷ್ಟ ಎಂಬುದು ವಕೀಲಿಕೆ ಮಾಡುವವರಿಗೆಲ್ಲ ಗೊತ್ತು.

ಅದೇ ವರ್ಷ ಬಂದ ಬೀದಿಬದಿ ವ್ಯಾಪಾರಿಗಳ ಕಾಯ್ದೆಯೂ ಇವರಿಗೆ ಸಲೀಸಾಗಿ ಹೊಂದುವುದಿಲ್ಲ. ಅದರ 5ನೆಯ ಕಲಮಿನ ಪ್ರಕಾರ ವ್ಯಾಪಾರ ಪ್ರಮಾಣಪತ್ರ ಬೇಕಾದವರು ತಮಗೆ ಬೇರೆ ಜೀವನೋಪಾಯವಿಲ್ಲ ಎಂದು ಬರೆದುಕೊಡಬೇಕು. ಒಂಬತ್ತು ತಿಂಗಳು ಒಕ್ಕಲುತನ, ಮೂರು ತಿಂಗಳು ಸ್ವೆಟರ್ ವ್ಯಾಪಾರ ಎನ್ನುವ ಸಂಸಾರ ಅಂಥ ಮುಚ್ಚಳಿಕೆಯನ್ನು ಹೇಗೆ ಕೊಟ್ಟೀತು? ಹಾಗಾಗಿ ಪ್ರತಿ ವರ್ಷವೂ ಜಾಗಕ್ಕಾಗಿ ಹೊಸದಾಗಿ ಓಡಾಡಬೇಕು.

ಇದಕ್ಕೆಲ್ಲ ಮೂಲದಲ್ಲಿರುವುದು, ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ ಮತ್ತು ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆ ಮಾಡಿಲ್ಲ ಎಂಬ ಸಂಗತಿ. ಕಾನೂನಿನ ಕಣ್ಣಿಗೆ ಅಂಗಡಿಯಲ್ಲಿ ಕೂತವರು ‘ವಿದೇಶಿಯರು’. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ರದ್ದುಪಡಿಸಿ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿಯೂ ನಿರಾಶ್ರಿತ ಎಂಬ ವರ್ಗವಿಲ್ಲ. ಅದರೊಂದಿಗೆ ಹೊರಬಂದ ವಿನಾಯಿತಿ ಆದೇಶವು ನೋಂದಣಿ ಪ್ರಮಾಣಪತ್ರ ಪಡೆದ ಟಿಬೇಟಿಯನ್ನರಿಗೆ ಕೆಲವು ಷರತ್ತುಗಳ ಮೇಲೆ ರಿಯಾಯಿತಿ ಕೊಟ್ಟಿದೆ. ‘ಆರ್‌ಸಿ’ ಎಂದು ಅವರೆಲ್ಲ ಕರೆಯುವ ಆ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು, ನೋಂದಾಯಿತ ವಿಳಾಸ ಬಿಟ್ಟು ವಾರಗಟ್ಟಲೆ ಹೊರಗಿರುವುದಾದರೆ ತಿಳಿಸಿ ಬರಬೇಕು. ನಾನು ಕಂಡ ಅಂಗಡಿಯ ಗಲ್ಲಾದಲ್ಲಿ ಚಿಲ್ಲರೆಯ ಪಕ್ಕದಲ್ಲೇ, ಪ್ಲಾಸ್ಟಿಕ್ ಹೊದಿಕೆಯೊಳಗೆ ಅದು ಇತ್ತು. ಯಾರು ಯಾವಾಗ ಕೇಳುತ್ತಾರೋ ಎಂದು ಕೈಗೆ ಸಿಗುವ ಕಡೆ ಇಟ್ಟಿರುತ್ತಾರಂತೆ.

ವಿಚಿತ್ರವೆಂದರೆ, ಆ ಹೆಣ್ಣುಮಗಳು “ನಾ ಹುಟ್ಟಿದ್ದ ಮುಂಡಗೋಡದಾಗರಿ” ಎಂದದ್ದು ನಿಜವಾಗಿದ್ದು, ವಯಸ್ಸೂ ನನ್ನ ಅಂದಾಜಿನಂತಿದ್ದರೆ, ಅವರು ವಿದೇಶಿಯರೇ ಅಲ್ಲ. 1955ರ ಪೌರತ್ವ ಕಾಯ್ದೆಯ 3ನೆಯ ಕಲಮಿನಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯ ಪೌರರು. ಇದು ಟಿಬೇಟಿಯನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, ನಮ್ಮ ಹೈಕೋರ್ಟ್ 2013ರಲ್ಲಿ ಅದೇ ನಿಲುವು ತಳೆಯಿತು. ಅವರ ಮಗಳು 2004ರ ಡಿಸೆಂಬರ್ 3ರ ಮೊದಲು ಇಲ್ಲಿಯೇ ಹುಟ್ಟಿದ್ದರೆ ತಾಯಿಯ ಮೂಲಕ ಆಕೆಯೂ ಪೌರಳು. ಆದರೂ ಬಹಳಷ್ಟು ಜನ ಆರ್‌ಸಿ ಬಿಟ್ಟುಕೊಟ್ಟಿಲ್ಲ. ಭಾರತೀಯ ಪಾಸ್‌ಪೋರ್ಟ್ ಬೇಡುವ ಟಿಬೇಟಿಯನ್ನರು ಆರ್‌ಸಿಯನ್ನು ಹಿಂದಿರುಗಿಸಬೇಕು, ಕ್ಯಾಂಪಿನಲ್ಲಿ ವಾಸ ಮಾಡಬಾರದು, ಧರ್ಮಶಾಲೆಯಲ್ಲಿರುವ ದೇಶಭ್ರಷ್ಟ ಟಿಬೇಟಿಯನ್ ಆಡಳಿತದ ಸವಲತ್ತು ಪಡೆಯಬಾರದು ಎಂದು 2017ರಲ್ಲಿ ವಿಧಿಸಿದ ಷರತ್ತುಗಳು ಇದಕ್ಕೆ ಒಂದು ಕಾರಣ. ಗುತ್ತಿಗೆಯ ಮನೆ, ಗುತ್ತಿಗೆಯ ಹೊಲ ಎರಡೂ ಕ್ಯಾಂಪಿನಲ್ಲಿರುವಾಗ ಪಾಸ್‌ಪೋರ್ಟಿಗಾಗಿ ಅವನ್ನು ಬಿಡುವ ಒಕ್ಕಲಿಗರು ಎಷ್ಟು ಮಂದಿ ಸಿಕ್ಕಾರು? ಜನ್ಮದಿಂದ ಬಂದ ಹಕ್ಕಿಗೆ ಮನೆಯನ್ನು ಬೆಲೆಯಾಗಿ ಕಟ್ಟಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಗಂಡಹೆಂಡತಿ ಇಬ್ಬರೂ ಅಂಗಡಿಗೆ ಬಂದು ಕೂತರೆ ಊರಲ್ಲಿ ಮುದುಕರನ್ನು ಯಾರು ನೋಡಬೇಕು ಎಂಬ ಮಾತೂ ಇದೆ. ಕ್ಯಾಂಪಿನ ವೃದ್ಧಾಶ್ರಮ, ಆಸ್ಪತ್ರೆಯಂಥ ಏರ್ಪಾಡುಗಳಿಗೆ ಹೊರದೇಶದ ದಾನಿಗಳ ನೆರವು ಬಹುಕಾಲದಿಂದ ಆಸರೆಯಾಗಿದೆ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯು, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ಪೂರ್ತಿ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದಿತು. ಲೆಕ್ಕ ಕಟ್ಟುನಿಟ್ಟಾಗಿರಬೇಕೆಂಬುದನ್ನು ಒಪ್ಪೋಣ, ಆದರೆ ದೊಡ್ಡ ಸಂಸ್ಥೆಯಿಂದ ಚಿಕ್ಕ ಸಂಸ್ಥೆಗೆ ಹಣ ಹರಿಯುವ ಕಾಲುವೆಯನ್ನೇ ಮುಚ್ಚಿದರೆ ಸ್ವಂತ ನೋಂದಣಿ ಮಾಡಿಸಿಕೊಳ್ಳುವ ಶಕ್ತಿಯಿಲ್ಲದ ಸಣ್ಣ ನೆರವಿನ ಗುಂಪುಗಳು ಒಣಗುತ್ತವೆ. ಆಡಳಿತ ವೆಚ್ಚದ ಮಿತಿ ಇನ್ನೂ ಸೂಕ್ಷ್ಮವಾದದ್ದು: ಆರ್‌ಸಿ ನವೀಕರಣಕ್ಕೆ ಕಾಗದಪತ್ರ ಸಿದ್ಧಪಡಿಸಿಕೊಡುವ ಸಂಸ್ಥೆಯಲ್ಲಿ ಗುಮಾಸ್ತನ ಕೆಲಸವೇ ಸೇವೆ, ಆದರೆ ಅವನ ಖರ್ಚು ಆಡಳಿತ ವೆಚ್ಚದ ಲೆಕ್ಕಕ್ಕೇ ಬೀಳಬಹುದು.

ಇನ್ನು ರಸೀದಿ. ನಾನು ಕೊಂಡ ಎರಡು ಸ್ವೆಟರುಗಳಲ್ಲಿ ಒಂದರ ತೋಳಿನ ಹೊಲಿಗೆ ಮೊದಲ ಒಗೆತಕ್ಕೇ ಬಿಟ್ಟಿತು. ತಿರುಗಿ ಒಯ್ದಾಗ ಮಾತಿಲ್ಲದೆ ಬೇರೆ ಕೊಟ್ಟರು, ಆದರೆ ರಸೀದಿ ಕೊಟ್ಟಿರಲಿಲ್ಲ. ಗುರುತು ಹಿಡಿದು ಕೊಟ್ಟದ್ದು ಅವರ ಒಳ್ಳೆಯತನ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ರಸೀದಿಯಲ್ಲಿ ಬರೆದ ಅವಧಿಯೊಳಗೆ, ಏನೂ ಬರೆದಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅದೇ ಸಾಲಿಗೆ ಸೇರುತ್ತದೆ. ಪರವಾನಗಿಗಾಗಿ ಕಚೇರಿ ಅಲೆಯುವವರಿಗೆ ಅಚ್ಚುಕಟ್ಟಾದ ರಸೀದಿ ಪುಸ್ತಕ ಸ್ವಂತ ರಕ್ಷಣೆಗೂ ಒದಗುತ್ತದೆ ಎಂದು ಆ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ.

ಕೊಳ್ಳುವವರು ಮಕ್ಕಳ ಅಳತೆ ಬೇಕಾದರೆ ನವೆಂಬರಿನಲ್ಲೇ ಹೋಗುವುದು ಮೇಲು; ಡಿಸೆಂಬರ್ ಕೊನೆಗೆ ಸಣ್ಣ ಅಳತೆಗಳು ಖಾಲಿಯಾಗಿ ದೊಡ್ಡವು ಮಾತ್ರ ಉಳಿಯುತ್ತವೆ. ರಸೀದಿಯನ್ನು ಕೇಳಿ ಬರೆಸಿಕೊಳ್ಳಿ, ಅದರ ಮೇಲೆ ಮುಂಡಗೋಡದ ಫೋನ್ ನಂಬರನ್ನೂ ಹಾಕಿಸಿಕೊಳ್ಳಿ. ಜನವರಿ ದಾಟಿದ ಮೇಲೆ ಹೊಲಿಗೆ ಬಿಟ್ಟರೆ ಹುಬ್ಬಳ್ಳಿಯಲ್ಲಿ ಅಂಗಡಿ ಇರುವುದಿಲ್ಲ.