ಫ್ಲೇಮ್ ಫೋಟೋಮೀಟರ್: ಮೂರು ಬೇಸಿಗೆಗಳ ನಂತರ

ಫ್ಲೇಮ್ ಫೋಟೋಮೀಟರ್ ಎಂದರೆ ದ್ರಾವಣವನ್ನು ಗ್ಯಾಸ್ ಜ್ವಾಲೆಗೆ ಸಿಂಪಡಿಸಿ, ಹೊಮ್ಮುವ ಬೆಳಕಿನಿಂದ ಅದರಲ್ಲಿನ ಪೊಟ್ಯಾಷಿಯಂ ಅಳೆಯುವ ಯಂತ್ರ. ಕಲಬುರಗಿಯಲ್ಲಿ ಇದರ ವಯಸ್ಸನ್ನು ಬೇಸಿಗೆಗಳಲ್ಲೇ ಎಣಿಸಬೇಕು, ಏಕೆಂದರೆ ಇದು ಉರಿಯುತ್ತಿರುವಾಗ ಫ್ಯಾನ್ ಹಾಕುವಂತಿಲ್ಲ. ಗಾಳಿ ತಾಗಿದರೆ ಜ್ವಾಲೆ ಅಲುಗುತ್ತದೆ, ಜ್ವಾಲೆ ಅಲುಗಿದರೆ ಅಂಕಿ ಕುಣಿಯುತ್ತದೆ. ಮೇ ತಿಂಗಳ 42 ಡಿಗ್ರಿಯಲ್ಲಿ ಗ್ಯಾಸ್ ಉರಿಯ ಪಕ್ಕ ಕುಳಿತು ಎಲೆಯ ಪೊಟ್ಯಾಷಿಯಂ ಅಳೆಯುವುದು ಎಂಥ ಸುಖವೆಂದು ಮಾರಿದವರು ಹೇಳಿರಲಿಲ್ಲ. ಹಣೆಯ ಬೆವರು ಒಂದು ಹನಿ ಬೀಕರಿಗೆ ಬಿತ್ತೋ, ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ. ಬೆವರಿನ ಸೋಡಿಯಂ!

ನಮ್ಮದು ಎರಡು ಕೋಣೆಯ ಮಣ್ಣು, ಎಲೆ ಪರೀಕ್ಷಾ ಕೇಂದ್ರ. ಅಫಜಲಪುರದ ಕಬ್ಬು, ಆಳಂದದ ತೊಗರಿ ಬರುತ್ತವೆ. ಲಕ್ಷಗಟ್ಟಲೆಯ ಯಂತ್ರ ನಮಗೆ ದಕ್ಕದು. ಇದು ₹58,000ಕ್ಕೆ ಸಿಕ್ಕಿತು.

ಬೆಳಗಿನ ಕೆಲಸ ಮಾತ್ರ ನನಗೆ ಇಷ್ಟ. ಕಂಪ್ರೆಸರ್ ಗುರ್ ಎನ್ನಿಸಿ, ಗ್ಯಾಸ್ ಹೊತ್ತಿಸಿ, ಬರ್ನರ್ ಮೇಲಿನ ಸಣ್ಣ ನೀಲಿ ಶಂಕುಗಳು ಬಿಡಿಬಿಡಿಯಾಗಿ ಕಾಣುವವರೆಗೆ ಗುಂಡಿ ತಿರುಗಿಸುತ್ತೇನೆ. ನಂತರ ಇಪ್ಪತ್ತು ನಿಮಿಷ ಅದಕ್ಕೆ ಬಟ್ಟಿ ಇಳಿಸಿದ ನೀರು, ನನಗೆ ಹೊರಗಿನ ಕಟ್ಟೆಯ ಮೇಲೆ ಚಹಾ.

ಜಗಳ ಶುರುವಾದದ್ದು ಕೈಪಿಡಿಯಿಂದ. ನೀರಿಗೆ ಸೊನ್ನೆ, 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ) ಪೊಟ್ಯಾಷಿಯಂ ದ್ರಾವಣಕ್ಕೆ ನೂರು ಹೊಂದಿಸಿ ಓದಿಕೊಳ್ಳಿ ಎನ್ನುತ್ತದೆ ಆ ನಾಲ್ಕು ಪುಟ. ಒಂದು ವರ್ಷ ಹಾಗೆಯೇ ಮಾಡಿದೆ. ಒಂದು ದಿನ ಸಂಶಯ ಬಂದು 50 ಪಿಪಿಎಂ ಕೊಟ್ಟರೆ 55 ತೋರಿಸಿತು! ಮಾರಿದವರಿಗೆ ಫೋನ್ ಮಾಡಿದರೆ ಅತ್ತ ಕಡೆಯ ಹುಡುಗ, "ಅಷ್ಟು ಇರುತ್ತದೆ ಸರ್" ಎಂದ. ಸಿಟ್ಟಿನಲ್ಲಿ ಇದೇ ವಿಮರ್ಶೆಯನ್ನು ಅಂದೇ ಅರ್ಧ ಬರೆದಿದ್ದೆ.

ಹುಡುಗ ಹೇಳಿದ್ದು ನಿಜವಾಗಿತ್ತು, ಕಾರಣ ಮಾತ್ರ ಅವನಿಗೂ ಗೊತ್ತಿರಲಿಲ್ಲ. ಸಾಂದ್ರತೆ ಹೆಚ್ಚಿದಂತೆ ಜ್ವಾಲೆಯ ಅಂಚಿನ ತಣ್ಣನೆಯ ಪೊಟ್ಯಾಷಿಯಂ ಪರಮಾಣುಗಳು ಒಳಗಿನ ಬೆಳಕನ್ನು ನುಂಗುತ್ತವೆ. ಸಾಂದ್ರತೆಗೆ ಎದುರಾಗಿ ಅಂಕಿ ಗುರುತಿಸಿ ಎಳೆದ ಗೆರೆ ಮೇಲ್ತುದಿಯಲ್ಲಿ ಬಾಗುತ್ತದೆ; ಆ ತುದಿಯನ್ನೇ ನೂರಕ್ಕೆ ಹೊಂದಿಸಿದರೆ ನಡುವಿನದು ಹೆಚ್ಚು ತೋರುತ್ತದೆ. ಅದನ್ನು ನೇರವೆಂದು ನಂಬಿದವನು ನಾನು. ಈಗ ಒಣಗಿಸಿದ ಪೊಟ್ಯಾಷಿಯಂ ಕ್ಲೋರೈಡ್ 1.907 ಗ್ರಾಂ ತೂಗಿ, ಕರಗಿಸಿ, ಒಂದು ಲೀಟರಿಗೆ ತುಂಬಿಸಿ 1000 ಪಿಪಿಎಂ ಮೂಲ ದ್ರಾವಣ ಮಾಡುತ್ತೇನೆ. ಅದರಿಂದ 20, 40, 60, 80, 100. ಗ್ರಾಫ್ ಹಾಳೆಯ ಮೇಲೆ ಕೈಯಿಂದಲೇ ಬಾಗಿದ ಗೆರೆ.

ಇಷ್ಟು ಸರಿಪಡಿಸಿದ ಮೇಲೆ ಫಲಿತಾಂಶ ಇನ್ನೂ ಕೆಟ್ಟಿತು! ಅದೇ ಎಲೆಪುಡಿಗೆ ಗೆಳೆಯನ ಪ್ರಯೋಗಾಲಯಕ್ಕಿಂತ ನಮ್ಮಲ್ಲಿ ಕಡಿಮೆ ಬರತೊಡಗಿತು. ಎಲೆ ಕರಗಿದ್ದು ನೈಟ್ರಿಕ್, ಪರ್ಕ್ಲೋರಿಕ್ ಆಮ್ಲಗಳಲ್ಲಿ. ನನ್ನ ಮಾನಕ ದ್ರಾವಣಗಳು, ಅಂದರೆ ಹೋಲಿಕೆಗೆ ಮಾಡಿಟ್ಟ ಆ 20ರಿಂದ 100ರವರೆಗಿನವು, ಬರೀ ನೀರಿನವು. ಆಮ್ಲ ಉಳಿದ ದ್ರಾವಣ, ಅದನ್ನು ಜ್ವಾಲೆಯತ್ತ ಹೀರುವ ಸಣ್ಣ ನಳಿಗೆಯಲ್ಲಿ ನಿಧಾನವಾಗಿ ಏರುತ್ತದೆ, ಬೆಳಕೂ ಕಡಿಮೆ. ಮೊದಲ ವರ್ಷ ಒಂದು ತಪ್ಪು ಹೆಚ್ಚು ತೋರಿಸಿ, ಇನ್ನೊಂದು ಕಡಿಮೆ ತೋರಿಸಿ, ಎರಡೂ ಸೇರಿ ನನ್ನ ಮಾನ ಕಾಪಾಡಿದ್ದವು. ಈಗ ಎಲೆಯಿಲ್ಲದೆ ಅದೇ ರೀತಿ ಕಾಯಿಸಿ ಇಳಿಸಿದ ಆಮ್ಲದಲ್ಲೇ ಮಾನಕಗಳನ್ನೂ ತಯಾರಿಸುತ್ತೇನೆ.

ನಮ್ಮ ಹೊಲದ ತೊಗರಿ ಎಲೆಯನ್ನು 70 ಡಿಗ್ರಿಯಲ್ಲಿ ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿಟ್ಟಿದ್ದೇನೆ. ಪ್ರತಿ ಸರದಿಯಲ್ಲೂ ಅದರ ಒಂದು ಪಾಲು ಇದ್ದೇ ಇರುತ್ತದೆ. ಅದರ ಅಂಕಿ ಜಾರಿದರೆ ಆ ದಿನದ ವರದಿಗಳು ಹೊರಗೆ ಹೋಗುವುದಿಲ್ಲ. ಪ್ರತಿ ಹತ್ತು ಮಾದರಿಗೊಮ್ಮೆ 60 ಪಿಪಿಎಂ ಕೊಟ್ಟು ನೋಡುತ್ತೇನೆ.

ಕೊಳ್ಳುವವರು ಸ್ಟೆಬಿಲೈಸರ್‌ಗೂ ಹಣ ತೆಗೆದಿಡಿ. ಕಬ್ಬಿನ ಎಲೆಯ ದ್ರಾವಣವನ್ನು ಸೋಸದೆ ಇಟ್ಟರೆ ಸಿಲಿಕಾ ನಳಿಗೆಯನ್ನು ಕಟ್ಟುತ್ತದೆ. ಒಂದು ನಳಿಗೆ ನನ್ನಿಂದಲೇ ಹಾಳಾಯಿತು. ಫ್ಯಾನಿನ ಸಮಸ್ಯೆಗೆ ಮಾತ್ರ ಉಪಾಯ ಸಿಕ್ಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಆರಕ್ಕೆ ಜ್ವಾಲೆ ಹೊತ್ತಿಸಿ ಹತ್ತಕ್ಕೆ ಆರಿಸುತ್ತೇನೆ, ಹಣೆಗೆ ಟವೆಲ್ ಕಟ್ಟಿಕೊಂಡು.